ಹಡಗು ಮರಳುವುದಿಲ್ಲ, ಜನ ಮರಳಬೇಕು

ಉದಗೀರದ ಮಾರ್ಕೆಟ್ ಯಾರ್ಡಿನ ಎದುರು ತೊಗರಿಬೇಳೆಯ ಮಿಲ್ಲೊಂದಿದೆ. ಅದರ ಮಗ್ಗುಲಿನ ಕಟ್ಟಡದ ಮೇಲಂತಸ್ತಿನಲ್ಲಿ, ಮೂಡಲ ದಿಕ್ಕು ಇನ್ನೂ ಬಣ್ಣ ಬದಲಿಸದ ಹೊತ್ತಿಗೆ, ಒಂದು ಟ್ಯೂಬ್‌ಲೈಟು ಉರಿಯುತ್ತಿದೆ. ಕೆಳಗೆ ಹಮಾಲರು ಲಾರಿಯ ತಾಡಪತ್ರಿ ಬಿಚ್ಚುತ್ತಿದ್ದಾರೆ. ಬೇಳೆಯ ಹೊಟ್ಟು ಗಾಳಿಗೆದ್ದು ಮೇಲಿನ ಕಿಟಕಿಯ ಗಾಜಿಗೆ ಹಳದಿ ಪುಡಿ ಬಳಿಯುತ್ತಿದೆ. ಆ ಗಾಜಿನ ಹಿಂದೆ ಮೀನಲ ನಿಡವಂಚೆ ಕೂತಿದ್ದಾರೆ. ಕಿವಿಗೆ ಫೋನು, ಮುಂದೆ ಉತ್ತರ ಅಮೆರಿಕದ ನಕಾಶೆ, ನಕಾಶೆ ಫ್ಯಾನಿನ ಗಾಳಿಗೆ ಹಾರದಂತೆ ಅದರ ಮೇಲೆ ಒಂದು ತಂಬಿಗೆ ನೀರು.

"ನೋ ಸರ್. ಸೆವೆನ್ ನಾಟ್ ಪಾಸಿಬಲ್. ನೈನ್ ಟ್ರೇನ್, ಪ್ಲೀಸ್," ಎನ್ನುತ್ತಾರೆ ಮೀನಲ. ಆ ಕಡೆ ಅಲಾಸ್ಕಾದ ಸ್ಕಾಗ್‌ವೇ ಎಂಬ ಊರಿನ ರೈಲು ಕಚೇರಿ. ಅಲ್ಲಿಯ ಗುಮಾಸ್ತ ಬೆಳಗಿನ ಏಳಕ್ಕೆ ಹೊರಡುವ ಗಾಡಿಯಲ್ಲೇ ಒಳ್ಳೆಯ ಜಾಗ ಇದೆ ಎಂದು ಹಟ ಹಿಡಿದಿದ್ದಾನೆ. ಈಕೆಯೂ ಬಿಡುವವರಲ್ಲ. ಕೊನೆಗೆ ಒಂಬತ್ತರ ಗಾಡಿ ಸಿಗುತ್ತದೆ. ಫೋನು ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಅಂವಗ ಹೆಂಗ ತಿಳಿಸಿ ಹೇಳ್ಲಿ? ನಮ್ಮ ಮಂದಿ ಎದ್ದ ಕೂಡ್ಲೆ ಹೊಂಡಂಗಿಲ್ಲ. ಜಳಕ ಇಲ್ಲಂದ್ರ ಲಿಂಗಪೂಜಿ ಇಲ್ಲ, ಪೂಜಿ ಇಲ್ಲಂದ್ರ ಬಾಯಾಗ ಚಹಾ ಸುದ್ದಾ ಹಾಕ್ಕೊಳ್ಳಂಗಿಲ್ಲ. ಒಂದು ಖೋಲಿಗಿ ಒಂದೇ ಜಳಕದ ಮನಿ, ಇಬ್ಬಿಬ್ಬರು ಮುದುಕರು. ಏಳಕ್ಕ ಹೊಂಡಸ್ತೀನಿ ಅನ್ನಾಂವ ನಮ್ಮ ಮಂದಿನ್ನ ನೋಡೇ ಇಲ್ಲ!"

ಇಲ್ಲಿಯ ನಸುಕು ಎಂದರೆ ಅಲ್ಲಿ ಹಿಂದಿನ ದಿನದ ಇಳಿಹೊತ್ತು. ಆ ದೇಶದ ಕಚೇರಿಗಳು ಬೀಗ ಹಾಕುವ ಮೊದಲಿನ ಗಂಟೆಗಳು ಮೀನಲರಿಗೆ ಸಿಗುವುದು ಹಾಲಿನವನೂ ಏಳದ ಹೊತ್ತಿನಲ್ಲಿ. ಹಾಗಾಗಿ ವರ್ಷದ ಈ ದಿನಗಳಲ್ಲಿ ಅವರ ಹಗಲು ಎಲ್ಲರಿಗಿಂತ ಮೊದಲು ಶುರುವಾಗುತ್ತದೆ. ದಿನಕ್ಕೆ ಮೂವತ್ತು-ನಲವತ್ತು ಫೋನು. ಹಡಗಿನವರಿಗೆ, ಬಸ್ಸಿನವರಿಗೆ, ವಿಮಾನದವರಿಗೆ, ಮಂಜುಬೆಟ್ಟ ತೋರಿಸುವವರಿಗೆ, ತಿಮಿಂಗಿಲ ತೋರಿಸುವವರಿಗೆ. ಇವರ್ಯಾರೂ ಮೀನಲರ ಮುಖ ಕಂಡಿಲ್ಲ. ಮೀನಲ ಇವರಲ್ಲಿ ಒಬ್ಬರ ಮುಖವನ್ನೂ ಕಂಡಿಲ್ಲ.

ಈ ಸೀಮೆಯಿಂದ ಪ್ರವಾಸ ಹೊರಟವರಿಗೆ ದಾರಿಯ ಯೋಜನೆ ಹಾಕುವುದು ಅವರ ಕೆಲಸ, ಈ ಸಲದ್ದು ಇದು. ಕೆನಡಾದ ವ್ಯಾಂಕೂವರ್ ಬಂದರಿನಿಂದ ಒಂದು ಹಡಗು ಹೊರಡುತ್ತದೆ. ದ್ವೀಪಗಳ ನಡುವೆ ನುಸುಳಿ, ಹಿಮದ ಬೆಟ್ಟಗಳ ಬುಡ ಮುಟ್ಟಿ, ಒಂದು ವಾರ ಬಡಗಣಕ್ಕೆ ಸಾಗಿ, ಅಲಾಸ್ಕಾದ ವಿಟಿಯರ್ ಎಂಬ ಸಣ್ಣ ಊರಿನಲ್ಲಿ ಜನರನ್ನು ಇಳಿಸಿಬಿಡುತ್ತದೆ. ಆಮೇಲೆ ಅದು ಬೇರೆ ಜನರನ್ನು ಹತ್ತಿಸಿಕೊಂಡು ತನ್ನ ದಾರಿ ಹಿಡಿಯುತ್ತದೆ. ಹೋದವರನ್ನು ಹತ್ತಿದ ಜಾಗಕ್ಕೆ ತಂದು ಬಿಡುವುದಿಲ್ಲ. ಒಂದೇ ಕಡೆಯ ಪ್ರಯಾಣ. ಸುತ್ತು ಹೊಡೆದು ಅದೇ ಬಂದರಿಗೆ ಮರಳುವ ಹಡಗಾದರೆ ಯೋಜನೆ ಹಾಕುವುದು ಸುಲಭ: ಅದೇ ಹೊಟೇಲು, ಅದೇ ಬಸ್ಸು, ಅದೇ ವಿಮಾನ ನಿಲ್ದಾಣ. ಇಲ್ಲಿ ಹಾಗಲ್ಲ. ಒಂದು ಬಾಗಿಲಿನಿಂದ ಒಳಗೆ, ಇನ್ನೊಂದು ದೇಶದ ಇನ್ನೊಂದು ಬಾಗಿಲಿನಿಂದ ಹೊರಗೆ. ನಡುವೆ ಇಳಿಯುವ ಪ್ರತಿ ಊರಿನಲ್ಲೂ ಯಾವ ಬಸ್ಸು, ಯಾವ ನೋಟ, ಎಷ್ಟು ಹೊತ್ತು, ತಿರುಗಿ ಹಡಗು ಮುಟ್ಟುವುದು ಯಾವಾಗ, ಇದನ್ನೆಲ್ಲ ಮೊದಲೇ ಹೆಣೆಯಬೇಕು. ಹಡಗು ಯಾರಿಗೂ ಕಾಯುವುದಿಲ್ಲ.

ಈ ಕೆಲಸಕ್ಕೆ ಹೆಸರಿಲ್ಲ. ಅದಕ್ಕೇ ಮಾಡುವವರಿಗೂ ಹೆಸರಿಲ್ಲ. ನಿಲಂಗಾದ ಚೌಕಿನಲ್ಲಿ, ಉಮರಗಾದ ಬಸ್ ಸ್ಟ್ಯಾಂಡಿನಲ್ಲಿ ತೂಗುಹಾಕಿರುವ ಪ್ರವಾಸದ ಬ್ಯಾನರ್ ನೋಡಿ. ಹಡಗಿನ ಚಿತ್ರ ಇದೆ. ಕೈಮುಗಿದು ನಿಂತ ಪ್ರವಾಸಿ ಕಚೇರಿಯ ಮಾಲೀಕರ ಚಿತ್ರ ಇದೆ. ಮಂಜುಗಡ್ಡೆಯ ಮೇಲೆ ಹೊಟ್ಟೆ ಬಿಟ್ಟುಕೊಂಡು ಮಲಗಿದ ಸೀಲ್ ಪ್ರಾಣಿಗೂ ಜಾಗ ಸಿಕ್ಕಿದೆ. ಅದು ಏನು ಕಡಿದು ಕಟ್ಟೆ ಹಾಕಿದೆಯೋ ಯಾರಿಗೂ ಗೊತ್ತಿಲ್ಲ. ಪ್ರವಾಸಕ್ಕೆ ಹೊರಟ ಇಪ್ಪತ್ತೆರಡು ಜನ ಎಲ್ಲಿ ಉಣ್ಣಬೇಕು, ಎಲ್ಲಿ ಮಲಗಬೇಕು, ಎಲ್ಲಿ ಮೂತ್ರಕ್ಕೆ ಇಳಿಯಬೇಕು ಎಂಬುದನ್ನೆಲ್ಲ ಕೂತಲ್ಲೇ ಕಂಡ ಹೆಣ್ಣುಮಗಳಿಗೆ ಮೂಲೆಯಲ್ಲೊಂದು ಅಕ್ಷರವಿಲ್ಲ. ಹಳ್ಳಿಗಾಡಿನ ಪೇಟೆಯಲ್ಲಿ ಕೂತು ಮಾಡಿದ ಕೆಲಸ ಕೆಲಸವೇ ಅಲ್ಲ ಎಂದು ನಂಬಿರುವವರ ಲೋಕ ಇದು.

ಮೀನಲರ ತಂದೆ ಪಂಡಿತಪ್ಪ ಯಾತ್ರೆಯ ಬಸ್ಸು ಓಡಿಸುತ್ತಿದ್ದವರು. ಉದಗೀರ, ದೇವಣಿ, ಜಳಕೋಟದ ಲಿಂಗವಂತ ಮನೆತನಗಳನ್ನು ಕಾಶಿಗೆ, ಕೇದಾರಕ್ಕೆ, ಶ್ರೀಶೈಲಕ್ಕೆ ಕರೆದೊಯ್ದು ತಂದವರು. ತಾಯಿಯಿಲ್ಲದ ಮಗಳು ಡ್ರೈವರಿನ ಪಕ್ಕದ ಸೀಟಿನಲ್ಲೇ ಬೆಳೆದಳು. ಯಾವ ಊರಿನ ಬಾವಿಯಲ್ಲಿ ಜಳಕಕ್ಕೆ ನೀರು ಹೇರಳ, ಯಾವ ಧರ್ಮಶಾಲೆಯಲ್ಲಿ ಸಾಮಾನು ಬಿಟ್ಟರೆ ಭಯವಿಲ್ಲ, ಯಾವ ಘಾಟಿಗೆ ಮೊದಲು ಮುದುಕರಿಗೆ ಊಟ ಕೊಡಬಾರದು, ಇದೆಲ್ಲ ಅವಳಿಗೆ ಆಟವಾಡುತ್ತಲೇ ಬಂದದ್ದು. ತಂದೆ ತೀರಿಕೊಂಡರು, ಬಸ್ಸು ಮಾರಿಹೋಯಿತು. ಹನ್ನೆರಡನೇ ಇಯತ್ತೆ ಮುಗಿಸಿದ ಮೀನಲ ಬೇಳೆ ಮಿಲ್ಲಿನ ನೌಕರ ವೀರಭದ್ರರನ್ನು ಮದುವೆಯಾದರು. ವೈಜನಾಥ ಶೆಟಕಾರ ಅವರ ಪ್ರವಾಸಿ ಕಚೇರಿಯಲ್ಲಿ ಟಿಕೀಟು ತೆಗೆಯುವ ಕಿಟಕಿಗೆ ಕೂತರು. ಅಲ್ಲಿಂದ ಮೆಲ್ಲಮೆಲ್ಲಗೆ ನಕಾಶೆಯ ಮೇಜಿಗೆ ಬಂದರು.

ಮೊದಲ ವರ್ಷಗಳಲ್ಲಿ ಜನ ಕಿಟಕಿಯೊಳಗೆ ಇಣುಕಿ, "ಶೇಠ ಇಲ್ಲೇನು?" ಎಂದು ಕೇಳಿ, ಇಲ್ಲವೆಂದರೆ ಹೊರಗೆ ಬಾಕಿನ ಮೇಲೆ ಕೂತು ಕಾಯುತ್ತಿದ್ದರು. ಒಳಗೆ ಕೂತವಳು ಲೆಕ್ಕಕ್ಕಿಲ್ಲ. ಓಣಿಯ ಹೆಂಗಸರದು ಇನ್ನೊಂದು ತರಹ: "ಮೀನಲಬಾಯಿ, ನಿಮ್ಮ ಅಮೇರಿಕಾದಾಗ ಇವತ್ತ ಏನ್ ಭಾಜಿ?" ಈಕೆಯೂ ಬಿಡಲಿಲ್ಲ. "ಅಲ್ಲಿ ಇನ್ನ ನಿನ್ನಿನೇ ಅದ ಅವ್ವಾ. ನಿನ್ನಿ ನೀ ಏನ್ ಮಾಡಿದ್ದೆ?"

ಈ ಹಂಗಾಮಿನಲ್ಲಿ ಮಾತ್ರ ನಗೆಗೆ ಜಾಗ ಕಡಿಮೆ. ಪುಣೆಯ ದೊಡ್ಡ ಪ್ರವಾಸಿ ಕಂಪನಿಯೊಂದು ವೈಜನಾಥರಿಗೆ ಒಂದು ಮಾತು ಮುಟ್ಟಿಸಿದೆ: ನೀವು ಜನ ಕೊಡಿ, ಯೋಜನೆ ನಾವು ಹಾಕುತ್ತೇವೆ. ಆಗ ಉದಗೀರದಲ್ಲಿ ಉಳಿಯುವುದು ಟಿಕೀಟಿನ ಕಿಟಕಿ ಒಂದೇ. ನಕಾಶೆಯ ಮೇಜು ಎದ್ದು ಹೋಗುತ್ತದೆ, ಅದರ ಹಿಂದಿನ ಹೆಂಗಸೂ. ವೈಜನಾಥರು ಕೆಟ್ಟವರಲ್ಲ, ವ್ಯಾಪಾರಿ. ನಿಲುವನ್ನು ಮುಚ್ಚಿಟ್ಟಿಲ್ಲ. ಅಲಾಸ್ಕಾಕ್ಕೆ ಹೊರಟ ಈ ಮೊದಲ ಗುಂಪು ಬರೋಬ್ಬರಿ ಹೋಗಿ ಬಂದರೆ ಮೇಜು ಉಳಿಯುತ್ತದೆ, ಹೆಚ್ಚುಕಡಿಮೆಯಾದರೆ ಪುಣೆ. ಗುಂಪಿನ ಮುಖಂಡ ನಿಲಂಗಾದ ಧಾನ್ಯ ವ್ಯಾಪಾರಿ ಮಾಣಿಕಪ್ಪ. ಜ್ಯೋತಿರ್ಲಿಂಗ ಅಷ್ಟನ್ನೂ ನೋಡಿ ಮುಗಿಸಿ, "ಇನ್ನ ಬರ್ಫಿನ ಸಮುದ್ರ ಒಂದು ನೋಡೂಣು" ಎಂದು ಹೊರಟವರು.

ಇವತ್ತು ಆ ಹಡಗು ವ್ಯಾಂಕೂವರ್ ಬಿಡುವ ದಿನ. ಕಿಟಕಿಯ ಹಳದಿ ಗಾಜಿನಲ್ಲಿ ಬೆಳಕು ಮೂಡುತ್ತಿರುವಾಗ ಫೋನು ಹಾಡುತ್ತದೆ. ವಿಡಿಯೋ ಕರೆ. ತೆರೆಯ ತುಂಬ ಉಮರಗಾದ ಶಿವಗಂಗಾಬಾಯಿಯ ಮುಖ. ಎಪ್ಪತ್ತು ದಾಟಿದ ವಿಧವೆ, ಹಣೆಗೆ ಮೂರು ಬೆರಳಿನ ವಿಭೂತಿ, ತಲೆಯ ಮೇಲೆ ಸೆರಗು. ಹಿಂದೆ ಬಂದರಿನ ಕಟ್ಟಡಗಳು ಮೆಲ್ಲಗೆ ಹಿಂದಕ್ಕೆ ಸರಿಯುತ್ತಿವೆ.

"ಅಗ ಮೀನಲ! ಹೊಂಟಿತ ನೋಡ! ಇದೇನ್ ಹಡಗ ಅಲ್ಲ ತಾಯಿ, ಉಮರಗಾ ಪ್ಯಾಟಿನೇ ಎದ್ದು ನೀರಾಗ ಹೊಂಟಂಗ ಅದ."

"ಖೋಲಿ ಹೆಂಗವ ಕಾಕೂ?"

"ಭಾಳ ಛಂದ. ಕಿಡಕಿ ಸುದ್ದಾ ಅದ. ಸಾಮಾನ ಇಲ್ಲಲ್ಲ, ಅದಕ್ಕ ಖೋಲಿ ದೊಡ್ಡದು ಕಾಣ್ತದ."

ಮೀನಲರ ಕೈ ತಂಬಿಗೆಯ ಮೇಲೆ ನಿಲ್ಲುತ್ತದೆ. "ಸಾಮಾನ ಇಲ್ಲಂದ್ರ?"

"ದೊಡ್ಡ ಗಂಟು ಹೊಟೇಲ್‌ದಾಗೇ ಇಟ್ಟೀವಿ. ಎಲ್ಲಾರೂ. ಬರೋ ಮುಂದ ತಗೋತೀವಿ. ನೀನೇ ಹೇಳಿದ್ದೆಲ್ಲ?"

ಹಡಗಿನ ಹಿಂದೆ ವ್ಯಾಂಕೂವರ್ ಊರು ಸಣ್ಣದಾಗುತ್ತ ಹೋಗುತ್ತದೆ. ಅಲ್ಲಿ ಯಾವುದೋ ಹೊಟೇಲಿನ ಸಾಮಾನು ಖೋಲಿಯಲ್ಲಿ ಇಪ್ಪತ್ತೊಂದು ಗಂಟುಗಳಿವೆ. ಅವುಗಳಲ್ಲಿ ಕೋಟು, ಸ್ವೆಟರ್, ಉಣ್ಣೆಯ ಟೊಪ್ಪಿಗೆ, ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಗಂಟಿನ ಒಡೆಯರು ಮಂಜಿನ ಕಡೆಗೆ ಹೊರಟಿದ್ದಾರೆ, ಸೀರೆ ಮತ್ತು ಧೋತರದಲ್ಲಿ.

ಮೀನಲ ಹೇಳಿದ್ದು ನಿಜ. ನಿಲಂಗಾದಲ್ಲಿ, ಮಾಣಿಕಪ್ಪನವರ ಅಡತಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಎಲ್ಲರನ್ನೂ ಕೂಡಿಸಿಕೊಂಡು ಹೇಳಿದ್ದರು: ಹಡಗು ಹತ್ತುವಾಗ ಸಣ್ಣ ಚೀಲ ಕೈಯಲ್ಲಿರಲಿ, ದೊಡ್ಡ ಗಂಟಿನ ಚಿಂತೆ ಬೇಡ. ಅವರ ಮನಸ್ಸಿನಲ್ಲಿದ್ದದ್ದು, ದೊಡ್ಡ ಗಂಟನ್ನು ಬಂದರಿನ ಆಳುಗಳು ಒಯ್ದು ಖೋಲಿಯ ಮುಂದಿಡುತ್ತಾರೆ, ಅದಕ್ಕೆ ತಡವಾಗಬಹುದು ಎಂಬುದು. ಕೇಳಿದವರ ಮನಸ್ಸಿನಲ್ಲಿದ್ದದ್ದು ಕೇದಾರ. ಕೇದಾರಕ್ಕೆ ಹೋದವರೆಲ್ಲ ಗೌರಿಕುಂಡದ ಧರ್ಮಶಾಲೆಯಲ್ಲಿ ಗಂಟು ಬಿಟ್ಟು, ಸಣ್ಣ ಚೀಲ ಹಿಡಿದು ಬೆಟ್ಟ ಹತ್ತಿದವರೇ. ಯಾತ್ರೆ ಎಂದರೆ ಅದೇ. ಭಾರ ಕೆಳಗೆ ಬಿಡಬೇಕು, ದೇವರನ್ನು ನೋಡಬೇಕು, ಇಳಿದು ಬಂದು ಎತ್ತಿಕೊಳ್ಳಬೇಕು. ಅದರ ಮೇಲೆ ತಿರುಗಿ ಬರುವ ಟಿಕೀಟಿನಲ್ಲೂ ವ್ಯಾಂಕೂವರಿನ ಹೆಸರಿತ್ತು. ಅಲಾಸ್ಕಾದ ಆಂಕರೇಜ್ ನಿಲ್ದಾಣದಿಂದ ಬಂದು ವ್ಯಾಂಕೂವರಿನಲ್ಲಿ ವಿಮಾನ ಬದಲಿಸಿ ದಿಲ್ಲಿಗೆ ಹಾರಬೇಕು. ನಡುವೆ ಸಿಗುವುದು ಒಂದೂವರೆ ಗಂಟೆ, ಅದೂ ನಿಲ್ದಾಣದ ಒಳಗೇ. ಊರಿನ ಹೊಟೇಲಿಗೆ ಹೋಗಿ ಗಂಟು ತರುವ ಮಾತೇ ಇಲ್ಲ. ಗುಂಪಿನ ಜತೆ ಹೋಗಿರುವ ಕಚೇರಿಯ ಹುಡುಗಿ ಸ್ನೇಹಲ ಪಾಸ್‌ಪೋರ್ಟುಗಳನ್ನು ಹಿಡಿದು ಮುಂಚೆಯೇ ಬಂದರಿಗೆ ಹೋಗಿದ್ದಳು. ಆಮೇಲಿನ ಬಸ್ಸಿನಲ್ಲಿ ಬಂದವರು ದೊಡ್ಡ ಗಂಟು ತಂದಿಲ್ಲವೆಂಬುದು ಅವಳಿಗೆ ತಿಳಿಯುವಷ್ಟರಲ್ಲಿ ಹಡಗಿನ ಏಣಿ ಮೇಲೆ ಹೋಗಿತ್ತು.

"ಒಬ್ಬರೇ ಬಿಟ್ಟಿಲ್ಲ ಅಕ್ಕಾ, ಮಾಣಿಕಪ್ಪ ಕಾಕಾ," ಎಂದು ಅಳುಮೋರೆಯ ಸ್ನೇಹಲ ತೆರೆಯಲ್ಲಿ ಇಣುಕುತ್ತಾಳೆ. "ಕೇದಾರದಾಗ ಒಮ್ಮಿ ಅವರ ರಗ್ಗು ಕಳುವಾಗಿತ್ತಂತ. ಅವತ್ತಿಂದ ಗಂಟು ಎಲ್ಲೂ ಬಿಡಂಗಿಲ್ಲಂತ."

ಹಿಂದಿನಿಂದ ಮಾಣಿಕಪ್ಪನವರ ದನಿ ಕೇಳುತ್ತದೆ: "ಎಲ್ಲಾರೂ ನಕ್ಕಿದ್ರಿ! ಈಗ ನಗರಿ!"

ವೈಜನಾಥರಿಗೆ ಸುದ್ದಿ ಮುಟ್ಟಿ ಅವರು ಕಚೇರಿಗೆ ಬರುವಾಗ ಅಂಗಿಯ ಗುಂಡಿ ಮೇಲೆಕೆಳಗಾಗಿದೆ. ಅವರದು ಒಂದೇ ಮಾತು: "ಗ್ರುಪ್‌ನ್ಯಾಗ ಒಂದು ಮೆಸೇಜ್ ಹಾಕಿಬಿಡು ತಾಈ. ಗಂಟು ನೀವೇ ನಿಮ್ಮ ಮನಸ್ಸಿಗಿ ಬಂದಂಗ ಬಿಟ್ಟೀರಿ, ಕಂಪನಿ ಜವಾಬ್ದಾರ ಅಲ್ಲ ಅಂತ. ಆಮ್ಯಾಲ ಏನ್ ಮಾಡೋದು ನೋಡೂಣು."

"ಅದು ನಾ ಬರಿಯಂಗಿಲ್ರೀ."

"ಯಾಕ?"

"ಖರೆ ಅಲ್ಲ, ಅದಕ್ಕ. ಕೇದಾರಕ್ಕ ಹೇಳೋ ಮಾತೇ ಹಡಗಿಗೂ ಹೇಳ್ದಾಕಿ ನಾ. ಅವರು ಕೇಳ್ಯಾರ."

"ಪುಣೆದವರು ಇದನ್ನೇ ಹೇಳ್ತಾರ, ಗೊತ್ತದಿಲ್ಲ? ಸಣ್ಣ ಊರಿನವರ ಕೈಯಾಗ ಕೊಟ್ರ ಹಿಂಗೇ ಅಂತ."

"ಹೇಳ್ಲಿ. ಎಂಟ ದಿನ ಅದಲ್ರೀ ಇನ್ನ. ಎಂಟ ದಿನದ ಮ್ಯಾಲ ಹೇಳ್ಲಿ."

ಮೀನಲ ಶಿವಗಂಗಾಬಾಯಿಗೆ ತಾವೇ ಫೋನು ಹಚ್ಚಿ ತಪ್ಪು ತಮ್ಮದು ಎನ್ನುತ್ತಾರೆ. ಹಡಗು ತಿರುಗಿ ಅಲ್ಲಿಗೆ ಬರುವುದಿಲ್ಲ ಕಾಕೂ, ನಾನು ಬಿಡಿಸಿ ಹೇಳಬೇಕಿತ್ತು. ಗಂಟು ಹೇಗಾದರೂ ಮುಟ್ಟಿಸುತ್ತೇನೆ. ಆ ಕಡೆಯಿಂದ ಬರುವುದು ನಗು.

"ಹುಚ್ಚಿ. ಸಾಸ್ತೂರದಾಗ ಭೂಕಂಪ ಆದಾಗ ಉಟ್ಟ ಸೀರಿಮ್ಯಾಗ ಎದ್ದು ಬಂದಾಕಿ ನಾ. ಮನಿನೇ ಹಿಂದ ಉಳೀತು. ನೀ ಒಂದು ಸೂಟ್‌ಕೇಸಿಗಿ ಅಳ್ಲತ್ತೀ? ಕೊರಳಾಗ ಲಿಂಗ ಅದ, ಬಟುವಾದಾಗ ವಿಭೂತಿ ಅದ. ಥಂಡಿ ಒಂದು ನೋಡ್ಕೋ. ಉಳಿದದ್ದು ನಮಗ ಬಿಡು."

ಮೀನಲ ಕಣ್ಣು ಒರೆಸಿಕೊಳ್ಳುವುದಿಲ್ಲ. ಅದಕ್ಕೂ ಹೊತ್ತು ಬೇಕು. ಅಲಾಸ್ಕಾದ ಕಚೇರಿಗಳು ಮುಚ್ಚುವ ಮೊದಲು ಫೋನು ಹಚ್ಚಬೇಕು.

ಮೊದಲ ಪ್ರಶ್ನೆ ಥಂಡಿಯದು. ಗುಂಪು ಇಳಿಯುವ ಮೊದಲ ಊರು ಕೆಚಿಕನ್, ವರ್ಷವಿಡೀ ಜಿನುಗುವ ಊರು. ಅಲ್ಲಿ ಕೆತ್ತನೆಯ ಕಂಬಗಳನ್ನು ನೋಡುತ್ತ ಬಯಲಲ್ಲಿ ನಡೆಯುವ ಕಾರ್ಯಕ್ರಮ ಗೊತ್ತಾಗಿತ್ತು. ಕೋಟಿಲ್ಲದೆ ಅದು ಆಗದ ಮಾತು. ಹಾಗಾದರೆ ಕೋಟು ಕೊಡುವವರು ಯಾರು? ಇದೊಂದೇ ಪ್ರಶ್ನೆ ಹಿಡಿದು ಮೀನಲ ಒಬ್ಬೊಬ್ಬರನ್ನೇ ಕೇಳುತ್ತ ಹೋಗುತ್ತಾರೆ. ಒಂದು ದೋಣಿಯವನು ಕೋಟು, ಬೂಟು, ಟೊಪ್ಪಿಗೆ ಎಲ್ಲ ಕೊಡುತ್ತೇನೆ ಎನ್ನುತ್ತಾನೆ. ಮೀನಲರ ಮುಖ ಅರಳುತ್ತದೆ. ಆಮೇಲೆ ಅವನು ತನ್ನ ದೋಣಿಯ ವಿಶೇಷ ಹೇಳುತ್ತಾನೆ. ಮೀನಲ ನಯವಾಗಿ ಥ್ಯಾಂಕ್ಯೂ ಹೇಳಿ ಫೋನಿಡುತ್ತಾರೆ.

"ಏನಾತು?" ಎನ್ನುತ್ತಾರೆ ವೈಜನಾಥ.

"ಕೋಟು ಕೊಡ್ತಾನಂತ. ಆದ್ರ ಜೀವಂತ ಏಡಿ ಹಿಡದು ತಂದು ಕೈಯಾಗ ಕೊಡ್ತಾನಂತ. ಶಿವಗಂಗಾ ಕಾಕೂನ ಕೈಯಾಗ ಏಡಿ ಕೊಟ್ರ ನನ್ನ ಈ ಊರಾಗ ಇಟ್ಟಾರೇನ್ರೀ?"

ಬೆಳಗಿನಿಂದ ಮೊದಲ ಸಲ ವೈಜನಾಥರು ನಗುತ್ತಾರೆ. ನಕ್ಕ ಮೇಲೆ ತಾವೂ ಒಂದು ಕುರ್ಚಿ ಎಳೆದುಕೊಂಡು ಇನ್ನೊಂದು ಫೋನು ಹಿಡಿಯುತ್ತಾರೆ.

ಅಂತೂ ಕಾಡಿನ ದಾರಿಯಲ್ಲಿ ಕರೆದೊಯ್ಯುವ, ಬಂದವರಿಗೆಲ್ಲ ಮಳೆಕೋಟು ತೊಡಿಸುವ ಮಂದಿ ಸಿಗುತ್ತಾರೆ. ಮುಂದಿನ ಊರು ಜೂನೋದಲ್ಲಿ ತೆರೆದ ದೋಣಿ ಬಿಟ್ಟು, ಮುಚ್ಚಿದ, ಬಿಸಿಗಾಳಿ ಹಾಯಿಸುವ ತಿಮಿಂಗಿಲದ ದೋಣಿಗೆ ಬದಲಾವಣೆ. ಸ್ಕಾಗ್‌ವೇಯ ಒಂಬತ್ತರ ರೈಲು ಬೆಚ್ಚಗಿರುತ್ತದೆ, ಅದಕ್ಕೆ ಕೈ ಹಚ್ಚುವುದು ಬೇಡ. ಅಲ್ಲಿಯ ತೂಗುಸೇತುವೆಯ ನಡಿಗೆ ಮಾತ್ರ ರದ್ದು. ಮಂಜುಬೆಟ್ಟಗಳ ನಡುವೆ ಹಡಗು ನಿಲ್ಲುವ ದಿನ ಕಂಬಳಿಯ ಬಂದೋಬಸ್ತಾಗಬೇಕು. ಅದಕ್ಕೆ ಹಡಗಿನವರನ್ನೇ ಹಿಡಿಯಬೇಕು, ಮತ್ತು ಅದು ಸ್ನೇಹಲಳ ಕೆಲಸ. "ಅಳೋದು ನಿಲ್ಸು. ಎರಡೆರಡು ಕಂಬಳಿ ಕೇಳು. ಒಂದು ಹೊಚ್ಕೊಳ್ಲಾಕ, ಒಂದು ಹಾಸ್ಕೊಳ್ಲಾಕ," ಎಂದು ಮೀನಲರ ಹುಕುಂ.

ಎರಡನೆಯ ಪ್ರಶ್ನೆ ಗಂಟಿನದು. ಹೊಟೇಲಿನ ಸಾಮಾನು ಖೋಲಿ ನೋಡಿಕೊಳ್ಳುವವರು ಒಬ್ಬ ಪಂಜಾಬಿ ಹಿರಿಯರು. ಹಿಂದಿಯಲ್ಲಿ ಮೀನಲರ ಮಾತು ಪೂರ್ತಿ ಕೇಳಿಸಿಕೊಂಡು ಗಹಗಹಿಸುತ್ತಾರೆ. ಅವರೂ ಹೇಮಕುಂಡದ ಯಾತ್ರೆಗೆ ಹೋದಾಗ ಬೆಟ್ಟದ ಬುಡದ ಗೋವಿಂದಘಾಟಿನಲ್ಲಿ ಗಂಟು ಬಿಟ್ಟೇ ಹತ್ತಿದವರು. ಬೆಳಿಗ್ಗೆ ಆ ಅಮ್ಮಂದಿರು ಇಟ್ಟು ಹೋದ ರೀತಿ ನೋಡಿದಾಗಲೇ ನನಗೆ ಊರು ನೆನಪಾಯಿತು ಬೇಟಾ ಎನ್ನುತ್ತಾರೆ. ಹೊಟೇಲಿನ ಗಾಡಿಯಲ್ಲಿ ಗಂಟುಗಳನ್ನು ವಿಮಾನ ನಿಲ್ದಾಣಕ್ಕೆ ತಂದು ಕೊಡಲು ಅವರು ತಯಾರು. ಆದರೆ ಒಂದೂವರೆ ಗಂಟೆ ಸಾಲದು. ಗುಂಪು ಹೊರಗೆ ಬರಬೇಕು, ಗಂಟು ತೆಗೆದುಕೊಳ್ಳಬೇಕು, ಮತ್ತೆ ಒಳಗೆ ಹೋಗಬೇಕು. ಪುಣ್ಯಕ್ಕೆ ಎಲ್ಲರ ಕೆನಡಾ ವೀಸಾ ಎರಡನೆಯ ಸಲವೂ ಒಳಗೆ ಬರಲು ನಡೆಯುವಂಥದ್ದು.

ಹಾಗಾದರೆ ಆಂಕರೇಜಿನಿಂದ ಮುಂಚಿನ ವಿಮಾನ ಹಿಡಿಯಬೇಕು. ಅದನ್ನು ಹಿಡಿಯಬೇಕಾದರೆ ಹಡಗಿನಿಂದ ಎಲ್ಲರಿಗಿಂತ ಮೊದಲು ಇಳಿಯಬೇಕು. ವಿಟಿಯರ್ ಊರಿನಿಂದ ಹೊರಬೀಳಲು ಇರುವುದು ಬೆಟ್ಟದೊಳಗಿನ ಒಂದೇ ಸುರಂಗ. ಒಂದು ಗಾಡಿ ಹೋಗುವಷ್ಟು ಅಗಲ. ರೈಲೂ ಅದರಲ್ಲೇ, ಬಸ್ಸೂ ಅದರಲ್ಲೇ. ಸ್ವಲ್ಪ ಹೊತ್ತು ಒಳಗೆ ಬರುವವರಿಗೆ, ಸ್ವಲ್ಪ ಹೊತ್ತು ಹೊರಗೆ ಹೋಗುವವರಿಗೆ. ಬೆಳಗಿನ ಮೊದಲ ಸರದಿ ತಪ್ಪಿದರೆ ವಿಮಾನವೂ ತಪ್ಪಿದಂತೆ. ಹಡಗಿನ ಕಚೇರಿಯವಳು ಮೊದಲು ಆಗುವುದಿಲ್ಲ ಎನ್ನುತ್ತಾಳೆ. ದೊಡ್ಡ ಸಾಮಾನು ಇಳಿಸಿ, ಬಣ್ಣದ ಚೀಟಿಯ ಪ್ರಕಾರ ಕರೆದು ಬಿಡುವುದು ಅವರ ಪದ್ಧತಿ. ತಮ್ಮ ಸಾಮಾನು ತಾವೇ ಹೊತ್ತು ಹೋಗುವವರಿದ್ದರೆ ಮಾತ್ರ ಮೊದಲು.

ಮೀನಲ ಆ ಮಾತನ್ನು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೆ ಅವರಿಗೆ ನಗು ತಡೆಯುವುದಿಲ್ಲ. "ಮೇಡಂ, ದೇ ಹ್ಯಾವ್ ಓನ್ಲಿ ಸ್ಮಾಲ್ ಬ್ಯಾಗ್!"

ಮುಂದಿನ ದಿನಗಳ ಸುದ್ದಿ ಉದಗೀರಕ್ಕೆ ಚಿತ್ರಗಳಲ್ಲಿ ಬರುತ್ತದೆ. ಹಳದಿ ಮಳೆಕೋಟು ತೊಟ್ಟು ಸಾಲಾಗಿ ನಿಂತ ಗುಂಪು. ಕೋಟಿನ ಕೆಳಗೆ ಇಳಕಲ್ ಸೀರೆಯ ನಿರಿಗೆ ಇಣುಕುತ್ತಿದೆ. ತಿಮಿಂಗಿಲದ ಬಾಲದ ಮಸುಕು ಚಿತ್ರ, ಅದಕ್ಕಿಂತ ಸ್ಪಷ್ಟವಾಗಿ ಯಾರದೋ ಹೆಬ್ಬೆರಳು. ಉಣ್ಣೆಯ ಕೋಟು ಹಾಕಿಕೊಂಡ ಮಾಣಿಕಪ್ಪ ಹಡಗಿನ ಅಂಗಳದಲ್ಲಿ ದೇಸಾಯರ ಹಾಗೆ ತಿರುಗುತ್ತಿದ್ದಾರೆ. ಎರಡನೆಯ ದಿನಕ್ಕೇ ಗುಂಪಿನ ಹೆಂಗಸರು ಅವರ ಗಂಟಿನಲ್ಲಿ ಶೇಂಗಾ ಹಿಂಡಿ ಇರುವುದನ್ನು ಪತ್ತೆಹಚ್ಚಿದ್ದಾರೆ. ಅಲ್ಲಿಗೆ ಅವರ ದೇಸಗತಿ ಮುಗಿದಿದೆ. ಕಂಬಳಿ ಹೊದ್ದು ನೀಲಿ ಮಂಜಿನ ಗೋಡೆಯ ಮುಂದೆ ಕೂತ ಶಿವಗಂಗಾಬಾಯಿಯ ಒಂದು ಚಿತ್ರವೂ ಇದೆ. ಎಡ ಅಂಗೈಯಲ್ಲಿ ಲಿಂಗ, ಕಣ್ಣು ಮುಚ್ಚಿದೆ. ಸುತ್ತ ಹತ್ತಾರು ದೇಶದ ಜನ ಸದ್ದಿಲ್ಲದೆ ನಿಂತಿದ್ದಾರೆ. ಮೀನಲ ಈ ಚಿತ್ರವನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ, ಮತ್ತೆ ದೊಡ್ಡದು ಮಾಡಿ ನೋಡುತ್ತಾರೆ.

ವಿಟಿಯರಿನ ಬೆಳಗು ಬಂದಾಗ ಉದಗೀರದಲ್ಲಿ ದೀಪ ಹಚ್ಚುವ ಹೊತ್ತು. ಮೀನಲ ಮನೆಯಲ್ಲಿ ಭಕ್ಕರಿ ತಟ್ಟುತ್ತಿದ್ದಾರೆ. ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟಿದ್ದಾರೆ. ವೀರಭದ್ರರು ತಾಟಿನ ಮುಂದೆ ಕೂತು, "ಮೂರನೇ ಭಕ್ಕರಿ ಕರಕಾತು. ಅಲ್ಲಿ ಹಡಗ ಮುಟ್ಟೋ ತನಕ ಇಲ್ಲಿ ನನಗ ಬರೇ ಇದ್ದಲಿ," ಎಂದು ರೇಗಿಸುತ್ತಾರೆ. ಮೀನಲರಿಗೆ ಅದು ಕೇಳಿಸುವುದೇ ಇಲ್ಲ. ಜಳಕ, ಪೂಜೆ ಮುಗಿಸಿ ಮೊದಲ ಸಾಲಿನಲ್ಲಿ ನಿಲ್ಲಬೇಕಾದರೆ ಅವರು ಎಷ್ಟು ಬೇಗ ಎದ್ದಿರಬೇಕು? ಎದ್ದಿದ್ದಾರೋ ಇಲ್ಲವೋ?

ಎದ್ದಿದ್ದಾರೆ. ಆ ಸೀಮೆಯಲ್ಲಿ ಈ ತಿಂಗಳು ಕತ್ತಲೆಯೇ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಶಿವಗಂಗಾಬಾಯಿ ಖೋಲಿ ಖೋಲಿಯ ಬಾಗಿಲು ಬಡಿದು, "ಹೊತ್ತು ಮುಳುಗೇ ಇಲ್ಲ, ಎಷ್ಟಂತ ಮಲಗ್ತೀರಿ!" ಎಂದು ಎಬ್ಬಿಸಿದ್ದಾರೆ. ಏಣಿ ಇಳಿಯುವಾಗ ಎಲ್ಲರ ಕೈಯಲ್ಲೂ ಸಣ್ಣ ಚೀಲ. ಮಾಣಿಕಪ್ಪನವರ ಕೈಯಲ್ಲಿ ಮಾತ್ರ ಮೂಟೆಯಂಥ ಸೂಟ್‌ಕೇಸು. ತಮ್ಮ ಸಾಮಾನು ತಾವೇ ಹೊರಬೇಕೆಂಬ ನಿಯಮ. ಜಳಕೋಟದ ಇಬ್ಬರು ರೈತರು ಅದನ್ನು ಕಾಳಿನ ಚೀಲದಂತೆ ಹೆಗಲಿಗೇರಿಸುತ್ತಾರೆ. "ಕಾಕಾ, ನಗರಿ ಈಗ!" ಎಂದು ಯಾರೋ ಕೂಗುತ್ತಾರೆ. ಸ್ನೇಹಲಳ ಫೋನಿನಲ್ಲಿ ಇಪ್ಪತ್ತೆರಡು ಜನರ ನಗು ಉದಗೀರದ ಅಡುಗೆಮನೆಯವರೆಗೆ ಬರುತ್ತದೆ. ಆಮೇಲೆ ಬಸ್ಸಿನ ಮುಂಗಾಜಿನ ಆಚೆ ಬೆಟ್ಟದ ಕಪ್ಪು ಬಾಯಿ. ಕೆಂಪು ದೀಪ ಹಸಿರಾಗುತ್ತದೆ. ಸುರಂಗದೊಳಗೆ ಫೋನು ಕಟ್ಟಾಗುತ್ತದೆ.

ಮೀನಲ ಒಲೆ ಆರಿಸುತ್ತಾರೆ. ಇನ್ನು ತಾವು ಮಾಡುವುದೇನೂ ಇಲ್ಲ.

ಮರುದಿನ ನಸುಕಿನಲ್ಲಿ ಕಚೇರಿಯ ಬೀಗ ತೆಗೆಯುವಾಗ ಒಂದು ಚಿತ್ರ ಬಂದಿದೆ. ವ್ಯಾಂಕೂವರ್ ನಿಲ್ದಾಣದ ಹೊರಗೆ ಗಾಡಿಗಳ ಮೇಲೆ ಪೇರಿಸಿದ ಇಪ್ಪತ್ತೊಂದು ಗಂಟು. ಪಕ್ಕದಲ್ಲಿ ಕೇಸರಿ ಪಗಡಿಯ ಪಂಜಾಬಿ ಹಿರಿಯರು. ಅವರ ಕೈಯಲ್ಲಿ ಕಡಕ್ ರೊಟ್ಟಿಯ ಒಂದು ಪುಡಿಕೆ. ಶಿವಗಂಗಾಬಾಯಿ ತಮ್ಮ ಗಂಟು ಬಿಚ್ಚಿ ಕೊಟ್ಟದ್ದು.

ಗುಂಪು ಊರು ಮುಟ್ಟಿದ ವಾರಕ್ಕೆ ಮಾಣಿಕಪ್ಪ ಕಚೇರಿಗೆ ಬರುತ್ತಾರೆ. ವೈಜನಾಥರ ಮುಂದಿನ ಕುರ್ಚಿ ಖಾಲಿ ಇದೆ. ಮಾಣಿಕಪ್ಪ ಅದನ್ನು ದಾಟಿ ನಕಾಶೆಯ ಮೇಜಿನ ಮುಂದೆ ಬಂದು ಕೂರುತ್ತಾರೆ. "ದೇವಣಿದಾಗ ನಮ್ಮ ಬೀಗರು ಹೋಗ್ತೀವಂತ ಕೂತಾರ. ಮಂದಿ ಕೂಡ್ಯಾರ. ಆದ್ರ ಒಂದು ಮಾತು ಅದ ಶೇಠ," ಎಂದು ಅಲ್ಲಿಂದಲೇ ವೈಜನಾಥರ ಕಡೆ ತಿರುಗುತ್ತಾರೆ. "ಗಂಟು ಬಿಟ್ಟದ್ದು ನಾವು. ತಪ್ಪು ನಂದು ಅಂದಾಕಿ ಈಕಿ. ಹಿಂಗ ಅನ್ನೋರು ಪುಣೆದಾಗ ಸಿಗ್ತಾರೇನು?"

ವೈಜನಾಥರು ಪುಣೆಗೆ ಏನು ಉತ್ತರ ಬರೆದರೋ ಅದು ಅವರಿಗೇ ಗೊತ್ತು. ಮೇಜು ಮಾತ್ರ ಇದ್ದಲ್ಲೇ ಇದೆ. ಅದರ ಪಕ್ಕಕ್ಕೆ ಸ್ನೇಹಲಳಿಗೂ ಒಂದು ಕುರ್ಚಿ ಬಂದಿದೆ.

ದೇವಣಿಯ ಸಭೆ ಬೀಗರ ಮನೆಯ ಪಡಸಾಲೆಯಲ್ಲಿ. ಜಮಖಾನೆಯ ಮೇಲೆ ಮೂವತ್ತು ಜನ ಕೂತಿದ್ದಾರೆ. ಮೀನಲ ಎದ್ದು ನಿಂತು ನಮಸ್ಕಾರವನ್ನೂ ಹೇಳದೆ ಮೊದಲು ಹೇಳುವ ಮಾತು ಇದು: "ಈ ಹಡಗ ತಿರುಗಿ ಬರಂಗಿಲ್ಲ. ನೀವು ಬರ್ತೀರಿ. ಇಷ್ಟು ಮೊದಲ ತಲ್ಯಾಗ ಇಟ್ಕೋರಿ, ಉಳಿದದ್ದು ಆಮ್ಯಾಲ." ಸಭೆಯಲ್ಲೊಬ್ಬರು, ಪ್ರಯಾಗಬಾಯಿ ಎಂಬ ಹಿರಿಯರು, "ನೀ ಹೋಗಿ ಬಂದೀಯೇನವ್ವಾ?" ಎಂದು ಕೇಳುತ್ತಾರೆ. ಮೀನಲ ಇಲ್ಲ ಎನ್ನುತ್ತಾರೆ. ಉಮರಗಾದಿಂದ ತಾವಾಗಿ ಬಸ್ಸು ಹತ್ತಿ ಬಂದಿರುವ ಶಿವಗಂಗಾಬಾಯಿ ಎದ್ದು ನಿಲ್ಲುತ್ತಾರೆ. "ನಾ ಬಂದೀನಿ. ನನ್ನ ಕೇಳ್ರಿ." ಅಲ್ಲಿಂದ ಮುಂದೆ ಮೀನಲರಿಗೆ ಮಾತಾಡಲು ಅವಕಾಶವೇ ಸಿಗುವುದಿಲ್ಲ. ತಿಮಿಂಗಿಲ ಮನೆಯಷ್ಟು ದೊಡ್ಡದಾಗುತ್ತದೆ, ಮಂಜಿನ ಗೋಡೆ ಉದಗೀರದ ಕೋಟೆಗಿಂತ ಎತ್ತರವಾಗುತ್ತದೆ. ಜನ ಬಾಯಿ ತೆರೆದು ಕೇಳುತ್ತಾರೆ.

ಗೋಡೆಗೆ ಒರಗಿ ಕೂತ ಮೀನಲರನ್ನು, ಇಷ್ಟೆಲ್ಲ ಮಾಡಿದ ನಿಮ್ಮ ಹೆಸರನ್ನು ಶಿವಗಂಗಾಬಾಯಿ ಒಮ್ಮೆಯೂ ಎತ್ತಲಿಲ್ಲವಲ್ಲ ಎಂದು ಕೇಳಿದರೆ ಅವರು ತಲೆಯಾಡಿಸುತ್ತಾರೆ. ಅವರ ಆಸೆಯೇ ಬೇರೆ.

"ಮಂದಿ ಹಡಗ ಹತ್ತಿದ ಮ್ಯಾಲ ನನ್ನ ಮರ್ತು ಬಿಡಬೇಕ್ರೀ. ಹೊಂಟಾಗಿಂದ ಮನಿ ಮುಟ್ಟೋ ತನಕ ಯಾರಿಗೂ ಮೀನಲ ನೆನಪಾಗಬಾರದು. ನೆನಪಾದೆ ಅಂದ್ರ ಎಲ್ಲೋ ಏನೋ ತಪ್ಪ್ಯದ ಅಂತ ತಿಳ್ಕೋಬೇಕು. ಹೋದ ಸಲ ಭಾಳ ನೆನಪಾಗೀನಿ. ಈ ಸಲ ಪೂರಾ ಮರೀತಾರ, ನೀವೇ ನೋಡ್ರಿ."